ಆತುರವಿಲ್ಲದೆ ಕಡಲ ತೀರಕ್ಕೆ: ಅಲ್ಲಲ್ಲಿ ತಂಗುತ್ತ ಸಾಗುವ ಕಾರು ಪ್ರವಾಸದ ಸಮಗ್ರ ಮಾರ್ಗದರ್ಶಿ

ಕಾರಿನಲ್ಲಿ ಬೀಚಿಗೆ ಹೊರಟ ಪ್ರವಾಸಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಂದು ದಿನಕ್ಕೆ ತುರುಕಿದ ದಾರಿ ಜಾಸ್ತಿಯಾಗಿರುತ್ತದೆ. ನಕ್ಷೆಯ ಆ್ಯಪ್ ಎಂಟು ಗಂಟೆ ಎಂದಿತೆಂದು ಅಷ್ಟನ್ನೇ ನಂಬಿ ಹೊರಟವರು ತಲುಪುವಾಗ ಹನ್ನೊಂದು ಗಂಟೆ ಕಳೆದಿರುತ್ತದೆ. ನಡುವೆ ನೋಡಬೇಕೆಂದಿದ್ದ ಜಾಗಗಳು ಕೈತಪ್ಪಿರುತ್ತವೆ, ಮಕ್ಕಳು ಅತ್ತು ಸುಸ್ತಾಗಿರುತ್ತಾರೆ, ಕೋಣೆ ಸೇರುವಾಗ ಕತ್ತಲು. ಆರಾಮವಾಗಿ ಹೋಗಿಬರಬೇಕಿದ್ದರೆ ಮೊದಲು ನಿರ್ಧರಿಸಬೇಕಾದದ್ದು ದಿನಕ್ಕೆ ಎಷ್ಟು ಗಂಟೆ ಸ್ಟಿಯರಿಂಗ್ ಹಿಡಿಯುತ್ತೇವೆ ಎಂಬುದನ್ನು. ಊರು, ಹೋಟೆಲು, ನೋಡುವ ಜಾಗ ಎಲ್ಲವೂ ಆ ಮಿತಿಯೊಳಗೆ ಕೂರಬೇಕು.

ಹಂತ 1: ದಿನದ ಮಿತಿ ಹಾಕಿಕೊಳ್ಳಿ

ಒಬ್ಬರೇ ಓಡಿಸುವುದಾದರೆ ದಿನಕ್ಕೆ 4ರಿಂದ 5 ಗಂಟೆ, ಇಬ್ಬರು ಸರದಿಯಲ್ಲಿ ಓಡಿಸುವುದಾದರೆ 6 ಗಂಟೆ. ಇದು ಸಣ್ಣಪುಟ್ಟ ನಿಲುಗಡೆಗಳೂ ಸೇರಿದ ಲೆಕ್ಕ. ಇದಕ್ಕಿಂತ ಹೆಚ್ಚು ಓಡಿಸಲಾಗದು ಎಂದಲ್ಲ, ಓಡಿಸಬಹುದು. ಆದರೆ ಅಂದಿನ ದಿನ ಪ್ರಯಾಣಕ್ಕೇ ಮುಗಿದುಹೋಗುತ್ತದೆ. ಬೆಳಿಗ್ಗೆ ನಿಧಾನವಾಗಿ ತಿಂಡಿ ತಿಂದು ಹೊರಟು, ದಾರಿಯಲ್ಲಿ ಒಂದು ಜಾಗವನ್ನು ನೆಮ್ಮದಿಯಾಗಿ ನೋಡಿ, ಬೆಳಕಿರುವಾಗಲೇ ಮುಂದಿನ ಊರು ಸೇರಬೇಕೆಂದರೆ ಐದಾರು ಗಂಟೆಗಿಂತ ಹೆಚ್ಚು ಚಾಲನೆಗೆ ಜಾಗವೇ ಇರುವುದಿಲ್ಲ.

ನಕ್ಷೆಯ ಆ್ಯಪ್ ಕೊಡುವ ಸಮಯದಲ್ಲಿ ಇಂಧನ ತುಂಬಿಸುವುದು, ಶೌಚಕ್ಕೆ ನಿಲ್ಲುವುದು, ದಾರಿ ತಪ್ಪಿ ತಿರುಗುವುದು ಯಾವುದೂ ಸೇರಿರುವುದಿಲ್ಲ. ಹಾಗಾಗಿ ಅದನ್ನು ಗುಣಿಸಿಕೊಳ್ಳಬೇಕು. ಪೂರ್ತಿ ಹೆದ್ದಾರಿಯಾದರೆ 1.2ರಿಂದ, ಹೆದ್ದಾರಿ ಮತ್ತು ಒಳದಾರಿ ಬೆರೆತಿದ್ದರೆ 1.3ರಿಂದ, ಘಾಟಿ ರಸ್ತೆ ಅಥವಾ ಕಡಲಂಚಿನ ಕಿರಿದಾದ ರಸ್ತೆಯಾದರೆ 1.5ರಿಂದ. ಐದು ವರ್ಷದೊಳಗಿನ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ದಿನಕ್ಕೆ ಇನ್ನೂ ಅರ್ಧ ಗಂಟೆ ಸೇರಿಸಿ.

ತಡವಾದುದನ್ನು ವೇಗದಿಂದ ಸರಿದೂಗಿಸಬಹುದು ಎಂಬ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಕಿ ನೋಡಿ: 100 ಕಿ.ಮೀ. ದಾರಿಯನ್ನು ಗಂಟೆಗೆ 80ರ ವೇಗದಲ್ಲಿ ಹೋದರೆ 75 ನಿಮಿಷ, 100ರ ವೇಗದಲ್ಲಿ ಹೋದರೆ 60 ನಿಮಿಷ. ದಾರಿ ಉದ್ದಕ್ಕೂ ಖಾಲಿಯಿದ್ದರೂ ಸಿಗುವ ಉಳಿತಾಯ 15 ನಿಮಿಷ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಇಂಧನವಂತೂ ಎದ್ದು ಕಾಣುವಷ್ಟು ಹೆಚ್ಚು ಸುಡುತ್ತದೆ. ಒಂದು ಊಟದ ನಿಲುಗಡೆ ಹತ್ತು ನಿಮಿಷ ಬೇಗ ಮುಗಿದರೆ ಹೆಚ್ಚುಕಡಿಮೆ ಅಷ್ಟೇ ಸಮಯ ಉಳಿದಿರುತ್ತದೆ.

ಹಂತ 2: ಒಂದು ಮಾದರಿ ಲೆಕ್ಕ

ಕಡಲಿಗೆ 540 ಕಿ.ಮೀ. ದೂರ, ನಕ್ಷೆ ತೋರಿಸುವ ಸಮಯ 10 ಗಂಟೆ, ದಾರಿ ಮಿಶ್ರ ಎಂದುಕೊಳ್ಳಿ. 1.3ರಿಂದ ಗುಣಿಸಿದರೆ 13 ಗಂಟೆ. ದಿನಕ್ಕೆ 5 ಗಂಟೆಯ ಮಿತಿಯಲ್ಲಿ ಮೂರು ದಿನದ ಚಾಲನೆ, ನಡುವೆ ಎರಡು ತಂಗುದಾಣ. ಇದನ್ನು ಸಮನಾಗಿ ಹಂಚಬೇಡಿ. ಮೊದಲ ದಿನ ನಾಲ್ಕೂವರೆ, ಎರಡನೇ ದಿನ ಐದು, ಕಡಲು ಸೇರುವ ದಿನ ಮೂರೂವರೆ ಗಂಟೆ ಇರಲಿ. ಮೊದಲ ದಿನ ಮನೆಯಿಂದ ಹೊರಡುವುದೇ ತಡವಾಗುತ್ತದೆ: ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂದು ಗೇಟಿನಿಂದ ಹಿಂತಿರುಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಕೊನೆಯ ದಿನ ಗಿಡ್ಡವಾಗಿದ್ದರೆ ಕಡಲು ಕಂಡಾಗ ಎಲ್ಲರಲ್ಲೂ ಇನ್ನೂ ಲವಲವಿಕೆ ಉಳಿದಿರುತ್ತದೆ.

ಎರಡನೆಯ ತಂಗುದಾಣದಲ್ಲಿ ಎರಡು ರಾತ್ರಿ ಉಳಿಯಿರಿ. ಪ್ರವಾಸಕ್ಕೆ ಆರಾಮದ ಗುಣ ಬರುವುದು ಈ ಒಂದು ನಿರ್ಧಾರದಿಂದಲೇ ಎನ್ನಬಹುದು. ಪ್ರತಿ ರಾತ್ರಿಯೂ ಬೇರೆ ಹಾಸಿಗೆಯಾದರೆ ಪ್ರತಿ ಬೆಳಿಗ್ಗೆಯೂ ಬ್ಯಾಗು ಕಟ್ಟುವುದರಲ್ಲೇ ಹೋಗುತ್ತದೆ. ನಡುವೆ ಒಂದು ದಿನ ಕಾರಿನ ಬೀಗವನ್ನೇ ತೆಗೆಯದಿದ್ದರೆ ಓಡಿಸುವವರ ಬೆನ್ನು, ಭುಜ, ಕಣ್ಣು ಮೂರೂ ಚೇತರಿಸಿಕೊಳ್ಳುತ್ತವೆ. ಕಡಲ ತೀರದಲ್ಲಿ ಮೂರು ರಾತ್ರಿ. ವಾಪಸು ಬರುವಾಗ ವೇಗದ ಹೆದ್ದಾರಿ ಹಿಡಿಯಿರಿ: ನಕ್ಷೆಯಲ್ಲಿ ಎಂಟೂವರೆ ಗಂಟೆ ಇದ್ದರೆ 1.2ರ ಗುಣಾಕಾರದಲ್ಲಿ ಸುಮಾರು 10 ಗಂಟೆ, ಎಂದರೆ ಎರಡು ದಿನ, ನಡುವೆ ಒಂದು ರಾತ್ರಿ. ಒಟ್ಟು 7 ರಾತ್ರಿ, 8 ದಿನ. ಅದರಲ್ಲಿ ಚಾಲನೆಯ ದಿನಗಳು ಐದೇ.

ರಜೆ ಇಷ್ಟು ಸಿಗದಿದ್ದರೆ ದಾರಿಯಲ್ಲಿನ ಒಂದು ಜಾಗವನ್ನು ಕೈಬಿಡಿ ಅಥವಾ ಹತ್ತಿರದ ತೀರವನ್ನು ಆರಿಸಿಕೊಳ್ಳಿ. ಗಂಟೆಗಳ ಮಿತಿಯನ್ನು ಮಾತ್ರ ಹಿಗ್ಗಿಸಬೇಡಿ.

ಹಂತ 3: ಕಡಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ತಾರೀಕು ಗೊತ್ತುಮಾಡುವಾಗ ಮನೆಯಿಂದ ಶುರುಮಾಡುವ ಬದಲು ಕಡಲಿನಿಂದ ಶುರುಮಾಡಿ. ನೋಡಬೇಕಾದದ್ದು ನಾಲ್ಕು: ಋತು, ವಾರದ ದಿನ, ಉಬ್ಬರವಿಳಿತ, ಸೂರ್ಯನ ದಿಕ್ಕು.

ಋತುವಿನ ವಿಷಯದಲ್ಲಿ ಗಾಳಿಯ ಬಿಸಿ ಮತ್ತು ನೀರಿನ ಬಿಸಿ ಒಂದೇ ಕಾಲಕ್ಕೆ ಏರುವುದಿಲ್ಲ. ಸಮುದ್ರ ನಿಧಾನವಾಗಿ ಕಾದು ನಿಧಾನವಾಗಿ ತಣಿಯುತ್ತದೆ. ತಂಪು ದೇಶಗಳ ತೀರಗಳಲ್ಲಿ ನೀರು ಅತಿ ಬೆಚ್ಚಗಿರುವುದು ಬೇಸಿಗೆಯ ನಡುಭಾಗ ಕಳೆದು ಒಂದೆರಡು ತಿಂಗಳಿಗೆ. ಮುಂಗಾರಿಗೆ ಎದುರಾಗಿರುವ ತೀರಗಳಲ್ಲಿ ಮಳೆಗಾಲವಿಡೀ ಕಡಲು ಒರಟು, ನೀರಿಗಿಳಿಯುವಂತಿಲ್ಲ. ಉತ್ತರ ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ನೀವು ಹೋಗುವ ತೀರಕ್ಕೆ ಇಂಥ ಕಾಲ ಯಾವುದೆಂದು ನೋಡಿಕೊಂಡೇ ಮುಂಗಡ ಕೊಡಿ.

ವಾರದ ದಿನ ಸರಳ: ತೀರದ ರಾತ್ರಿಗಳು ಸೋಮವಾರದಿಂದ ಗುರುವಾರದೊಳಗೆ ಬೀಳಲಿ. ವಾರಾಂತ್ಯದ ಜನ ಬೀಚಿನಲ್ಲಿರುವಾಗ ನೀವು ಒಳನಾಡಿನ ತಂಗುದಾಣದಲ್ಲಿರಿ. ವಸ್ತುಸಂಗ್ರಹಾಲಯಗಳಿಗೆ ವಾರದಲ್ಲಿ ಒಂದು ದಿನ ರಜೆಯಿರುತ್ತದೆ, ಅನೇಕ ಕಡೆ ಅದು ಸೋಮವಾರ. ಆ ದಿನ ನೋಡಲು ಹೋಗಿ ಬಾಗಿಲಿಂದ ವಾಪಸಾಗುವಂತಾಗಬಾರದು.

ಉಬ್ಬರವಿಳಿತವನ್ನು ಪ್ರವಾಸಿಗರು ಮರೆಯುವುದೇ ಹೆಚ್ಚು. ಆದರೆ ಬೀಚಿನ ದಿನದ ಆಕಾರ ಅದರ ಮೇಲೆ ನಿಂತಿದೆ. ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿದಿನವೂ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನೀವು ತಲುಪುವ ದಿನ ಬೆಳಗಿನ ಇಳಿತ 7.10ಕ್ಕೆ ಇದ್ದರೆ ಮರುದಿನ ಸುಮಾರು 8ಕ್ಕೆ, ಅದರ ಮರುದಿನ 8.50ರ ಹೊತ್ತಿಗೆ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ನಕ್ಷತ್ರಮೀನು ನೋಡಬೇಕಿದ್ದರೆ ಇಳಿತಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ, ನೀರು ತಿರುಗಿದ ಕೂಡಲೇ ಮರಳಿ. ಉದ್ದಕ್ಕೆ ನಡೆಯುವವರಿಗೂ ಇಳಿತದ ಹೊತ್ತೇ ಹಿತ, ಒದ್ದೆ ಮರಳು ಗಟ್ಟಿಯಾಗಿ ಕಾಲು ಹೂಳುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಸುಮಾರಿಗೆ ಚಿಕ್ಕದು. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೊಂದರಂತೆ 1, 2, 3, 3, 2, 1 ಪಾಲು ಏರುತ್ತದೆ ಎಂಬುದು ನಾವಿಕರ ಹಳೆಯ ಲೆಕ್ಕ. ಒಟ್ಟು ಏರಿಳಿತ 4 ಮೀಟರ್ ಇರುವ ಕಡೆ ಮೊದಲ ಗಂಟೆಯಲ್ಲಿ ಏರುವುದು 33 ಸೆಂ.ಮೀ. ಮಾತ್ರ, ಮೂರನೆಯ ಗಂಟೆಯಲ್ಲಿ ಪೂರ್ತಿ ಒಂದು ಮೀಟರ್. ಇಳಿತದಲ್ಲಿ ಬಂಡೆಯ ಮೂಲೆ ಸುತ್ತಿ ಪಕ್ಕದ ಪುಟ್ಟ ಬೀಚಿಗೆ ಹೋದವರು ಸಿಕ್ಕಿಹಾಕಿಕೊಳ್ಳುವುದು ಇದರಿಂದಲೇ: ಮೊದಲ ಗಂಟೆ ನೋಡಿ ಏನೂ ಆಗಿಲ್ಲ ಎಂದುಕೊಂಡಿರುತ್ತಾರೆ. ಭೂಮಧ್ಯ ಸಮುದ್ರದಂಥ ಕಡೆ ಏರಿಳಿತ ಬಹುಪಾಲು ಹತ್ತಾರು ಸೆಂಟಿಮೀಟರ್‌ಗಳಷ್ಟೇ, ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್ ಮುಟ್ಟುತ್ತದೆ. ಆದ್ದರಿಂದ ನೀವು ಹೋಗುವ ತೀರದ್ದೇ ಉಬ್ಬರವಿಳಿತದ ಕೋಷ್ಟಕ ತೆಗೆದಿಟ್ಟುಕೊಳ್ಳಿ, ಅದರಲ್ಲಿರುವುದು ಸ್ಥಳೀಯ ಸಮಯವೇ ಎಂದೂ ನೋಡಿ.

ಕೊನೆಯದು ಸೂರ್ಯ. ಪಶ್ಚಿಮದ ಕಡಲಿಗೆ ಹೋಗುವಾಗ ಸಂಜೆ ನಾಲ್ಕರ ನಂತರ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ಎದುರಿನ ಗಾಜಿನ ಮೇಲಿನ ತೆಳು ಧೂಳೂ ಹೊಳೆದು ದಾರಿ ಕಾಣುವುದಿಲ್ಲ. ಕೊನೆಯ ಹಂತವನ್ನು ಮೂರು ಗಂಟೆಯೊಳಗೆ ಮುಗಿಸಿಕೊಳ್ಳಿ. ಪೂರ್ವದ ಕಡಲಿಗೆ ಹೋಗುವವರಿಗೆ ಬೆಳಿಗ್ಗೆ ಇದೇ ತೊಂದರೆ. ಎಂಟೂವರೆಯ ನಂತರ ಹೊರಟರೆ ಆಯಿತು.

ಹಂತ 4: ತಂಗುದಾಣ ಮತ್ತು ನಿಲುಗಡೆಗಳ ಆಯ್ಕೆ

ನಕ್ಷೆಯಲ್ಲಿ ಮನೆಯಿಂದ ನಾಲ್ಕೂವರೆ ಗಂಟೆಯ ದೂರದಲ್ಲಿ ಒಂದು ಗುರುತು ಹಾಕಿ, ಅದರ ಸುತ್ತ 30 ಕಿ.ಮೀ. ವೃತ್ತದೊಳಗೆ ಏನೇನಿದೆ ಹುಡುಕಿ: ಕೆರೆ, ಹಳೆಯ ಕೋಟೆ, ಬೆಟ್ಟದ ಊರು, ಕಾಡಂಚಿನ ಹಳ್ಳಿ. ಪ್ರಸಿದ್ಧ ಊರಿಗಿಂತ ಅದರ ಪಕ್ಕದ ಚಿಕ್ಕ ಊರು ರಾತ್ರಿ ತಂಗಲು ಎಷ್ಟೋ ಮೇಲು. ಕಾರು ನಿಲ್ಲಿಸಲು ಜಾಗ ಸಿಗುತ್ತದೆ, ಬೆಳಿಗ್ಗೆ ಊರಿನಿಂದ ಹೊರಬೀಳಲು ಹತ್ತು ನಿಮಿಷ ಸಾಕು. ದೊಡ್ಡ ನಗರದ ಆಚೆ ಮಗ್ಗುಲಲ್ಲಿ ತಂಗುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಹಿಂದಿನ ಮಧ್ಯಾಹ್ನವೇ ನಗರ ದಾಟಿಬಿಟ್ಟಿದ್ದರೆ ಬೆಳಗಿನ ಕಚೇರಿ ಹೊತ್ತಿನ ದಟ್ಟಣೆಗೆ ಸಿಗುವುದಿಲ್ಲ.

ಚಾಲನೆಯ ದಿನಕ್ಕೆ ದೊಡ್ಡ ನಿಲುಗಡೆ ಒಂದೇ. ಜಲಪಾತವೂ ಇರಲಿ, ದೇಗುಲವೂ ಇರಲಿ, ಸಂಜೆ ಮಾರುಕಟ್ಟೆಯೂ ಇರಲಿ ಎಂದರೆ ಮೂರನ್ನೂ ಓಡೋಡುತ್ತ ನೋಡಬೇಕಾಗುತ್ತದೆ. ಮುಖ್ಯ ದಾರಿಯಿಂದ ಒಳಗೆ ತಿರುಗುವ ಜಾಗವಾದರೆ ಹೋಗಿಬರುವ ಸಮಯಕ್ಕಿಂತ ಅಲ್ಲಿ ಕಳೆಯುವ ಸಮಯ ಕನಿಷ್ಠ ಎರಡು ಪಟ್ಟು ಇರಬೇಕು, ಇಲ್ಲದಿದ್ದರೆ ಬಿಡಿ. ಅದರ ಹೊರತಾಗಿ ಒಂದೂವರೆಯಿಂದ ಎರಡು ಗಂಟೆಗೊಮ್ಮೆ 15 ನಿಮಿಷದ ಸಣ್ಣ ನಿಲುಗಡೆ. ಈ ಹೊತ್ತಿನಲ್ಲಿ ಎಲ್ಲರೂ ಇಳಿದು ನಡೆಯಬೇಕು. ತಾಸುಗಟ್ಟಲೆ ಕಾಲು ಮಡಚಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಹಿರಿಯರಲ್ಲಿ ಮತ್ತು ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು.

ಹಂತ 5: ಕೋಣೆ ಕಾಯ್ದಿರಿಸುವುದು

ಮೊದಲ ರಾತ್ರಿ ಮತ್ತು ಕಡಲ ತೀರದ ರಾತ್ರಿಗಳನ್ನು ಮುಂಚೆಯೇ ಕಾಯ್ದಿರಿಸಿ. ನಡುವಿನದಕ್ಕೆ ರದ್ದು ಮಾಡಬಹುದಾದ ಬುಕಿಂಗ್ ಸಾಕು. ಹಬ್ಬ ಅಥವಾ ಶಾಲೆ ರಜೆಯ ಕಾಲವಾದರೆ ಅದನ್ನೂ ಗಟ್ಟಿ ಮಾಡಿಕೊಳ್ಳಿ. ಫೋನ್ ಮಾಡಿ ಕೇಳಬೇಕಾದದ್ದು: ಕಾರು ನಿಲ್ಲಿಸಲು ಆವರಣದೊಳಗೇ ಜಾಗವಿದೆಯೇ, ತಡವಾದರೆ ಬಾಗಿಲು ತೆರೆಯುವವರಿದ್ದಾರೆಯೇ, ಕೋಣೆ ಯಾವ ಮಹಡಿ, ಲಿಫ್ಟ್ ಇದೆಯೇ. ತೀರದ ಹೋಟೆಲಿಗೆ ಇನ್ನೊಂದು ಪ್ರಶ್ನೆ ಇದೆ: ಬೀಚಿಗೆ ನಡೆದು ಹೋಗಲು ಎಷ್ಟು ನಿಮಿಷ, ನಡುವೆ ದೊಡ್ಡ ರಸ್ತೆ ದಾಟಬೇಕೇ? ‘ಕಡಲಿಗೆ 500 ಮೀಟರ್’ ಎಂಬುದು ನೇರ ಗೆರೆಯ ದೂರವಾಗಿದ್ದು, ನಡುವೆ ಹಿನ್ನೀರೋ ರೈಲು ಹಳಿಯೋ ಇರುವುದುಂಟು.

ಕೋಣೆ ಬಿಡುವ ಸಮಯ 11, ಹೊಸ ಕೋಣೆ ಸಿಗುವುದು ಮಧ್ಯಾಹ್ನ 2 ಎಂದಿದ್ದರೆ ಆ ಮೂರು ಗಂಟೆಯೇ ನಿಮ್ಮ ಚಾಲನೆಯ ಹೊತ್ತು. ಮೂರೂವರೆ ಗಂಟೆಯ ಹಂತಕ್ಕೆ ಹತ್ತಕ್ಕೆ ಹೊರಟು ನಡುವೆ ಊಟಕ್ಕೆ ಒಂದು ಗಂಟೆ ಕೊಟ್ಟರೆ ಎರಡೂವರೆಗೆ ತಲುಪುತ್ತೀರಿ, ಲಾಬಿಯಲ್ಲಿ ಕಾಯಬೇಕಾಗಿಲ್ಲ.

ಹಂತ 6: ಗಾಡಿಯ ತಯಾರಿ

ಸರ್ವಿಸ್ ಮಾಡಿಸುವುದಿದ್ದರೆ ಹೊರಡುವ ಹಿಂದಿನ ದಿನ ಬೇಡ, ಹತ್ತು ಹದಿನೈದು ದಿನ ಮುಂಚೆ ಮಾಡಿಸಿ. ಸರಿಯಾಗಿ ಬಿಗಿಯದ ಆಯಿಲ್ ಪ್ಲಗ್, ತಪ್ಪಾಗಿ ಕೂರಿಸಿದ ಫಿಲ್ಟರ್, ಸಡಿಲವಾದ ಕ್ಲಿಪ್ ಇವೆಲ್ಲ ತಿಳಿಯುವುದು ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ. ಆ ಓಟ ಊರಿನಲ್ಲೇ ಆಗಿಬಿಡಲಿ. ಸರ್ವಿಸ್ ಆದ ಮರುದಿನ ಬೆಳಿಗ್ಗೆ ಗಾಡಿ ನಿಂತಿದ್ದ ನೆಲದ ಮೇಲೆ ಹನಿ ಬಿದ್ದಿದೆಯೇ ನೋಡಿ.

ಟೈರ್‌ಗಳಿಗೆ ಹೆಚ್ಚು ಗಮನ ಕೊಡಿ. ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಇಂಧನದ ಮುಚ್ಚಳದ ಒಳಗೋ ಬರೆದಿರುತ್ತದೆ. ಅನೇಕ ಕಾರುಗಳಲ್ಲಿ ಎರಡು ಸಾಲು ಇರುತ್ತವೆ: ಇಬ್ಬರು ಕೂತಾಗ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು. ಪ್ರವಾಸಕ್ಕೆ ಬೇಕಾದದ್ದು ಎರಡನೆಯದು. ಟೈರ್ ತಣ್ಣಗಿರುವಾಗ, ಎಂದರೆ ಎರಡು ಮೂರು ಕಿಲೋಮೀಟರ್‌ಗಿಂತ ಹೆಚ್ಚು ಓಡದಿರುವಾಗ ಅಳೆಯಿರಿ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರ್ 4ರಿಂದ 6 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರ್ ಸೊರಗಿರುತ್ತದೆ. ಕಡಿಮೆ ಗಾಳಿಯ ಟೈರಿನ ಪಕ್ಕದ ಗೋಡೆ ಹೆಚ್ಚು ಬಾಗಿ, ಬಾಗಿದಷ್ಟೂ ಬಿಸಿಯಾಗಿ, ಭಾರ ಮತ್ತು ವೇಗ ಸೇರಿದಾಗ ಸಿಡಿಯುತ್ತದೆ. ಗಾಡಿ ಪೂರ್ತಿ ತುಂಬಿದಾಗ ಹೆದ್ದಾರಿಯಲ್ಲಿ ಟೈರ್ ಸಿಡಿಯಲು ಇದೇ ದೊಡ್ಡ ಕಾರಣ.

ಟೈರಿನ ಮೇಲಿರುವ ನಾಲ್ಕು ಅಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷ. 2322 ಎಂದಿದ್ದರೆ 2022ರ 23ನೇ ವಾರ. ಟೈರಿನ ಮೇಲ್ಮೈಯ ತೋಡುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಬಹಳಷ್ಟು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಮಳೆಯ ದಾರಿಯಾದರೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಜಾಣತನ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಹೆಚ್ಚಿನವರು ನೋಡುವುದಿಲ್ಲ. ಸ್ಟೆಪ್ನಿ ಸಣಕಲು ಗಾತ್ರದ್ದಾಗಿದ್ದರೆ ಅದರ ಮೇಲೆ 80 ಕಿ.ಮೀ. ವೇಗ ಮೀರಬಾರದು. ಜಾಕ್, ಸ್ಪ್ಯಾನರ್ ಇವೆಯೇ ಎಂದು ನೋಡುವುದರ ಜೊತೆಗೆ ಮನೆಯಂಗಳದಲ್ಲೇ ಒಮ್ಮೆ ಒಂದು ನಟ್ಟು ಸಡಿಲಿಸಿ ಬಿಗಿದು ನೋಡಿ. ಗ್ಯಾರೇಜಿನ ಯಂತ್ರದಲ್ಲಿ ಬಿಗಿದ ನಟ್ಟು ಕೈಗೆ ಬರುವುದಿಲ್ಲ ಎಂಬುದು ರಸ್ತೆ ಬದಿಯಲ್ಲಿ ಗೊತ್ತಾಗಬಾರದು.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆಲ್ಲ ಅದರ ಕುದಿಬಿಂದು ಇಳಿಯುತ್ತದೆ, ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷ ದಾಟಿದ್ದರೆ ಬದಲಿಸಿ. ಕಡಲಿಗೆ ಹೋಗುವ ಎಷ್ಟೋ ದಾರಿಗಳು ಕೊನೆಯಲ್ಲಿ ಘಾಟಿ ಇಳಿಯುತ್ತವೆ; ಏರುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಇರಲಿ, ಬ್ರೇಕನ್ನು ಒತ್ತಿ ಹಿಡಿಯದೆ ಒತ್ತಿ ಬಿಡಿ. ಮಿಕ್ಕಂತೆ ಕೂಲೆಂಟ್, ವೈಪರ್, ದೀಪಗಳು, ಎಸಿ ಫಿಲ್ಟರ್, ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, 12.4ಕ್ಕಿಂತ ಕೆಳಗಿದ್ದರೆ ಪರೀಕ್ಷೆ ಮಾಡಿಸಿ.

ಇಂಧನದ ಲೆಕ್ಕ: ಹೋಗಿಬರುವ 1080 ಕಿ.ಮೀ.ಗೆ ಅಲ್ಲಲ್ಲಿನ ಓಡಾಟ 100 ಸೇರಿಸಿ 1180. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಸುಮಾರು 79 ಲೀಟರ್. ಎಸಿ, ಭಾರ, ಏರುದಾರಿಗೆಂದು 15 ಶೇಕಡ ಸೇರಿಸಿದರೆ 90 ಲೀಟರ್. ಮುಳ್ಳು ಕಾಲು ಟ್ಯಾಂಕಿಗೆ ಬರುವ ಮೊದಲೇ ತುಂಬಿಸಿ. ವಿದ್ಯುತ್ ಕಾರಿನವರು ಶೇಕಡ 10ರಿಂದ 80ರ ನಡುವೆ ಓಡಾಡಿ. 80 ದಾಟಿದ ಮೇಲೆ ಚಾರ್ಜಿಂಗ್ ತೀರಾ ನಿಧಾನವಾಗುತ್ತದೆ. ತಂಗುವ ಕಡೆ ರಾತ್ರಿ ಚಾರ್ಜ್ ಮಾಡಲು ಸಿಕ್ಕರೆ ಹಗಲಿನ ನಿಲುಗಡೆಯೇ ಬೇಕಾಗುವುದಿಲ್ಲ. ಪ್ರತಿ ಚಾರ್ಜಿಂಗ್ ಕೇಂದ್ರಕ್ಕೂ ಹತ್ತಿರದಲ್ಲಿ ಬದಲಿ ಕೇಂದ್ರವೊಂದನ್ನು ಗುರುತಿಸಿಡಿ.

ಬಾಡಿಗೆ ಕಾರಾದರೆ ಕರಾರು ಪತ್ರದಲ್ಲಿ ಎರಡು ಸಾಲು ಹುಡುಕಿ: ಮರಳಿನ ಮೇಲೆ ಓಡಿಸಲು ಅನುಮತಿಯಿದೆಯೇ, ಎರಡನೇ ಚಾಲಕರ ಹೆಸರು ಸೇರಿಸಿದೆಯೇ. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಬಿಡುತ್ತದೆ.

ಹಂತ 7: ಸಾಮಾನು ತುಂಬುವ ಬಗೆ

ವ್ಯಕ್ತಿಗೊಂದು ಬ್ಯಾಗು ಎಂದು ಕಟ್ಟಿದರೆ ಪ್ರತಿ ರಾತ್ರಿ ಎಲ್ಲ ಬ್ಯಾಗೂ ಇಳಿಯಬೇಕು. ಅದರ ಬದಲು ತಂಗುದಾಣದ ಪ್ರಕಾರ ಕಟ್ಟಿ. ಒಂದು ರಾತ್ರಿಯ ತಂಗುದಾಣಕ್ಕೆ ಎಲ್ಲರದ್ದೂ ಸೇರಿ ಒಂದೇ ಬ್ಯಾಗು: ರಾತ್ರಿ ಉಡುಪು, ಮರುದಿನದ ಬಟ್ಟೆ, ಹಲ್ಲುಜ್ಜುವ ಸಾಮಾನು, ಔಷಧಿ, ಚಾರ್ಜರ್. ಅಲ್ಲಿ ಇಳಿಯುವುದು ಅದೊಂದೇ. ಕಡಲಿನ ಸಾಮಾನೆಲ್ಲ ಬೇರೆ ಚೀಲದಲ್ಲಿ, ಡಿಕ್ಕಿಯ ತಳದಲ್ಲಿ. ಮೂರನೆಯದು ಕೈಗೆ ಎಟುಕುವ ಚೀಲ: ನೀರು, ಒದ್ದೆ ಬಟ್ಟೆ, ವಾಂತಿಗೆ ಕವರ್, ಪ್ರಥಮ ಚಿಕಿತ್ಸೆ, ಟಾರ್ಚ್, ಕಾಗದಪತ್ರ.

ಭಾರದ ವಸ್ತುಗಳು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಮೇಲ್ಮಟ್ಟಕ್ಕೆ ಏನನ್ನೂ ಪೇರಿಸಬೇಡಿ. ಅಪಘಾತದಲ್ಲಿ ಸಡಿಲ ವಸ್ತು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಹಾರುತ್ತದೆ. ಮೇಲ್ಛಾವಣಿಯ ಮೇಲೆ ಎಷ್ಟು ಹೊರಬಹುದೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ 50ರಿಂದ 75 ಕಿಲೋ, ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರಿದೆ. ಹಗುರವಾದ, ಗಾತ್ರ ದೊಡ್ಡದಾದ ವಸ್ತುಗಳಷ್ಟೇ ಅಲ್ಲಿಗೆ.

ಹಂತ 8: ದಾರಿಯಲ್ಲಿ

ಬೆಳಗಿನ ಜಾವ ಮೂರಕ್ಕೆ ಹೊರಟರೆ ದಟ್ಟಣೆ ತಪ್ಪುತ್ತದೆ, ನಿಜ. ಆದರೆ ನಿದ್ದೆಯೂ ತಪ್ಪುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇಕಡ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ದೇಹದ ಗಡಿಯಾರ ತಾನಾಗಿಯೇ ಮಂಕಾಗುವ ಹೊತ್ತುಗಳು ಎರಡು: ರಾತ್ರಿ 2ರಿಂದ ಬೆಳಗಿನ 6, ಮತ್ತು ಮಧ್ಯಾಹ್ನ 2ರಿಂದ 4. ಹೊಟ್ಟೆ ತುಂಬ ಉಂಡ ಮಧ್ಯಾಹ್ನವಂತೂ ಇನ್ನೂ ಕಷ್ಟ. ಕಣ್ಣು ಎಳೆದರೆ ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಯಾವುದೂ ಕೆಲಸಕ್ಕೆ ಬಾರದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು, ಕೂಡಲೇ 15-20 ನಿಮಿಷ ಮಲಗಿ. ಕಾಫಿ ಪರಿಣಾಮ ಬೀರಲು ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಅರ್ಧ ಗಂಟೆ ಮೀರಿ ಮಲಗಿದರೆ ಎದ್ದ ಮೇಲೂ ಮಂಪರು ಹೋಗುವುದಿಲ್ಲ.

ಮುಂದಿನ ವಾಹನದಿಂದ ಅಂತರ ಇಡಲು ರಸ್ತೆ ಬದಿಯ ಒಂದು ಕಂಬ ಆರಿಸಿ. ಮುಂದಿನ ಗಾಡಿ ಅದನ್ನು ದಾಟಿದ ಮೇಲೆ ನೀವು ದಾಟಲು ಮೂರು ಸೆಕೆಂಡಾದರೂ ಆಗಬೇಕು, ಮಳೆಯಲ್ಲಿ ಅದರ ಎರಡರಷ್ಟು. ವಾಕರಿಕೆಯವರು ಮುಂದಿನ ಸೀಟಿನಲ್ಲಿ ಕೂತು ದೂರಕ್ಕೆ ದೃಷ್ಟಿ ಇಡಲಿ. ಘಾಟಿಯಲ್ಲಿ ಫೋನ್, ಪುಸ್ತಕ ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ, ಓಡಿಸುವವರು ಮಾತ್ರ ತೆಗೆದುಕೊಳ್ಳಬಾರದು, ನಿದ್ದೆ ಬರಿಸುತ್ತದೆ. ದಾರಿಯ ನಕ್ಷೆಯನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ. ಎದುರಿನ ಗಾಜಿಗೆ ಅಂಟಿಸಿದ ಫೋನ್ ಬಿಸಿಲಿಗೆ ಕಾದು ತಾನೇ ಬಂದ್ ಆಗುತ್ತದೆ, ಎಸಿ ಗಾಳಿ ಬರುವ ಕಿಂಡಿಯ ಮುಂದೆ ಕೂರಿಸಿದರೆ ಆ ತೊಂದರೆ ಇಲ್ಲ.

ಮಕ್ಕಳನ್ನಾಗಲಿ ಸಾಕುಪ್ರಾಣಿಯನ್ನಾಗಲಿ ಐದೇ ನಿಮಿಷ ಎಂದು ನಿಂತ ಕಾರಿನಲ್ಲಿ ಬಿಡಬೇಡಿ. ಬಿಸಿಲಿಗೆ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಹಂತ 9: ಕಡಲ ತೀರದಲ್ಲಿ

ತಲುಪಿದ ಸಂಜೆ ನೀರಿಗಿಳಿಯದಿದ್ದರೆ ಒಳ್ಳೆಯದು. ಗಂಟೆಗಟ್ಟಲೆ ಕೂತು ದಣಿದ ಮೈ, ಗೊತ್ತಿಲ್ಲದ ತೀರ, ಕುಗ್ಗುತ್ತಿರುವ ಬೆಳಕು, ಜೀವರಕ್ಷಕರು ಮನೆಗೆ ಹೊರಡುವ ಹೊತ್ತು. ಆ ಸಂಜೆಯನ್ನು ತೀರ ನೋಡಲು ಬಳಸಿ: ಬಾವುಟಗಳು ಎಲ್ಲಿವೆ, ಬಂಡೆ ಎಲ್ಲಿದೆ, ಒಣಗಿದ ಪಾಚಿಯ ಗೆರೆ ಎಲ್ಲಿಯವರೆಗೆ ಬಂದಿದೆ. ಆ ಗೆರೆಯೇ ಉಬ್ಬರದ ಗಡಿ. ಅದರ ಕೆಳಗೆ ಚಾಪೆಯನ್ನೂ ಹಾಸಬೇಡಿ, ಗಾಡಿಯನ್ನೂ ನಿಲ್ಲಿಸಬೇಡಿ.

ಅರ್ಧ ಕೆಂಪು, ಅರ್ಧ ಹಳದಿಯ ಎರಡು ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ, ಈಜುವುದು ಅಲ್ಲೇ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು. ನೇರಳೆ ಎಂದರೆ ಲೋಳೆಮೀನಿನಂಥ ಕುಟುಕುವ ಜೀವಿಗಳಿವೆ. ಕಪ್ಪುಬಿಳುಪು ಚೌಕದ್ದು ಅಲೆಹಲಗೆ (ಸರ್ಫಿಂಗ್) ಆಡುವವರ ಜಾಗ.

ತೀರದಲ್ಲಿ ಜನ ಮುಳುಗುವುದಕ್ಕೆ ದೊಡ್ಡ ಕಾರಣ ದಡದಿಂದ ಕಡಲಿನ ಕಡೆಗೆ ಹರಿಯುವ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಲು ಒಂದು ಕಾಲುವೆ ಕೊರೆದುಕೊಂಡಿರುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ: ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಶಾಂತವಾಗಿ ಕಾಣುವ ಗಾಢ ಬಣ್ಣದ ಪಟ್ಟೆ. ಹೊಸಬರು ‘ಇಲ್ಲಿ ಅಲೆ ಇಲ್ಲ’ ಎಂದು ಮಕ್ಕಳನ್ನು ಇಳಿಸುವುದು ಅಲ್ಲಿಗೇ. ಸೆಳೆತ ಸೆಕೆಂಡಿಗೆ 2 ಮೀಟರ್ ದಾಟಬಲ್ಲದು, ಅದರ ವಿರುದ್ಧ ನುರಿತ ಈಜುಗಾರರೂ ಗೆಲ್ಲಲಾರರು. ಸಿಕ್ಕಿಕೊಂಡರೆ ದಡದ ಕಡೆಗೆ ಈಜಬೇಡಿ. ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಸಹಾಯ ಕೇಳಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಅಲೆ ಒಡೆಯುವ ಜಾಗಕ್ಕೆ ಬಂದು ಅಲೆಯೊಂದಿಗೆ ದಡ ಸೇರಿ. ಸಿಕ್ಕಿಕೊಂಡವರನ್ನು ಕಂಡರೆ ಬರಿಗೈಯಲ್ಲಿ ಧುಮುಕದೆ ತೇಲುವ ವಸ್ತು ಏನಾದರೂ ಎಸೆಯಿರಿ. ಗಾಳಿ ತುಂಬಿದ ಟ್ಯೂಬ್, ಹಾಸಿಗೆಗಳು ನೆಲದಿಂದ ಕಡಲಿಗೆ ಬೀಸುವ ಗಾಳಿಗೆ ನಿಮಿಷಗಳಲ್ಲಿ ದೂರ ಹೋಗುತ್ತವೆ; ಅಂಥ ದಿನ ಅವು ಮರಳಿನ ಮೇಲೇ ಇರಲಿ.

ಬಿಸಿಲಿಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು 35 ಮಿ.ಲೀ., ಎಂದರೆ ಏಳು ಟೀ ಚಮಚ. ಹೆಚ್ಚಿನವರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ಎರಡು ಗಂಟೆಗೊಮ್ಮೆ, ಈಜಿ ಬಂದ ಮೇಲೂ ಮತ್ತೆ ಹಚ್ಚಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಿರುವಷ್ಟು ಹೊತ್ತು ಬಿಸಿಲಿನಿಂದ ದೂರವಿರಿ. ಕಾರಿನ ಪಕ್ಕದ ಗಾಜು ಚರ್ಮ ಸುಡುವ ಕಿರಣಗಳನ್ನು ಬಹುಪಾಲು ತಡೆದರೂ ಚರ್ಮದ ಆಳಕ್ಕಿಳಿಯುವ ಕಿರಣಗಳನ್ನು ಒಳಗೆ ಬಿಡುತ್ತದೆ, ಆದ್ದರಿಂದ ಓಡಿಸುವವರ ಕಿಟಕಿ ಕಡೆಯ ತೋಳಿಗೂ ಹಚ್ಚಿ.

ಮರಳಿನ ಮೇಲೆ ಗಾಡಿ ಓಡಿಸಲು ಅನುಮತಿಯಿರುವ ಕಡೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಮಾತ್ರ ಯೋಚಿಸಿ. ಟೈರ್ ಗಾಳಿಯನ್ನು 15-18 ಪಿಎಸ್‌ಐಗೆ ಇಳಿಸಿ, ಅಗಲವಾಗಿ ತಿರುಗಿಸಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಿ. ಹೂತರೆ ಆ್ಯಕ್ಸಿಲರೇಟರ್ ಒತ್ತುವುದನ್ನು ಕೂಡಲೇ ನಿಲ್ಲಿಸಿ. ಚಕ್ರ ಸುತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಹಿಂದಿನ ಮರಳು ಬಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಡಾಂಬರು ರಸ್ತೆಗೆ ಹತ್ತುವ ಮೊದಲು ಗಾಳಿ ಮತ್ತೆ ತುಂಬಲು ಪಂಪ್ ಜೊತೆಗಿರಲಿ.

ಹಂತ 10: ಮರಳುವಾಗ

ಹೊರಡುವ ಹಿಂದಿನ ಸಂಜೆ ಬಟ್ಟೆಗಳನ್ನು ಸಿಹಿನೀರಿನಲ್ಲಿ ಜಾಲಿಸಿ ಒಣಹಾಕಿ. ಉಪ್ಪು ತೇವವನ್ನು ಹಿಡಿದಿಡುವುದರಿಂದ ಜಾಲಿಸದ ಬಟ್ಟೆ ಎರಡು ದಿನ ಡಿಕ್ಕಿಯಲ್ಲಿದ್ದರೂ ಪೂರ್ತಿ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಬೆಳಿಗ್ಗೆ ಟೈರ್ ಗಾಳಿ, ಆಯಿಲ್, ಕೂಲೆಂಟ್ ಮತ್ತೊಮ್ಮೆ ನೋಡಿ, ಎದುರಿನ ಗಾಜಿನ ಉಪ್ಪಿನ ಪೊರೆಯನ್ನು ಒಳಗೂ ಹೊರಗೂ ಒರೆಸಿ.

ಮನೆ ತಲುಪಿದ ಒಂದೆರಡು ದಿನದಲ್ಲಿ ಗಾಡಿಯ ತಳಭಾಗವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಸಿ: ಚಕ್ರದ ಕಮಾನಿನ ಒಳಗೆ, ಬ್ರೇಕ್ ಡಿಸ್ಕ್‌ಗಳ ಸುತ್ತ, ಸೈಲೆನ್ಸರ್ ಪೈಪಿನ ಉದ್ದಕ್ಕೆ. ತುಕ್ಕು ಶುರುವಾಗುವುದು ಕಣ್ಣಿಗೆ ಬೀಳದ ಈ ಜಾಗಗಳಲ್ಲೇ. ಬಾಗಿಲು ಮತ್ತು ಡಿಕ್ಕಿಯ ರಬ್ಬರ್ ಅಂಚಿನಲ್ಲಿ ಕೂತ ಮರಳನ್ನು ಒಣ ಬ್ರಶ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಬಣ್ಣವನ್ನು ಗೀರುತ್ತದೆ. ತೊಳೆದ ನಂತರ ಗಾಡಿಯನ್ನು ಹಾಗೇ ನಿಲ್ಲಿಸದೆ ಎರಡು ಮೂರು ಕಿಲೋಮೀಟರ್ ಓಡಿಸಿ, ಬ್ರೇಕ್ ಕೆಲವು ಸಲ ಒತ್ತಿ ಡಿಸ್ಕ್ ಒಣಗಿಸಿಯೇ ನಿಲ್ಲಿಸಿ.